ಮಸಿಯೆಂಬ ಹೆಸರಿನ ಹಾಡು

ಪ್ರಾಯಕ್ಕೆ ಬಂದ ಮಕ್ಕಳಿರುವ ಗೃಹಸ್ಥರಿಗೆ ಈ ಅನುಭವವು ಹೊಸದಾಗಿರಲಾರದು. ಕೋಣೆಯ ಬಾಗಿಲು ಮುಚ್ಚಿರುವುದು. ಒಳಗೆ ಗೋಡೆ ಅದುರುವಂತೆ ತಾಳವೊಂದು ಬಡಿಯುತ್ತಿರುವುದು. ಆ ತಾಳದ ಮೇಲೆ ಯಾರೋ ಒಬ್ಬನು ಉಸಿರು ತಿರುಗಿಸದೆ ಮಾತನಾಡುತ್ತಿರುವನು. ಅದು ಹಾಡೋ ಜಗಳವೋ ಹೊರಗಿನವರಿಗೆ ತಿಳಿಯದು. "ಇದನ್ನೂ ಸಂಗೀತವೆನ್ನುವರೆ?" ಎಂದು ತಂದೆಯು ಗದರಿಸುವನು. ಮಗನು ಸದ್ದನ್ನು ತುಸು ತಗ್ಗಿಸಿ, ತಂದೆಯು ಅತ್ತ ಹೋದೊಡನೆ ಮತ್ತೆ ಏರಿಸುವನು. ಒಂದು ಮನೆಯೊಳಗಿನ ಈ ಗದರಿಕೆಯು ಒಂದು ದೇಶದ ಹಿರಿಯರ ಗದರಿಕೆಯಾಗಿ, ಅದಕ್ಕೆ ಅಧಿಕಾರದ ಬಲವೂ ಒದಗಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ನಿದರ್ಶನವು ನಡೆದಿದೆ. ಅದನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಹಾಡಿನ ಹೆಸರು 'ಗ್ರೈಮ್'. ಈ ಇಂಗ್ಲಿಷ್ ಶಬ್ದಕ್ಕೆ ಮಸಿ, ಜಿಡ್ಡುಗಟ್ಟಿದ ಕೊಳೆ ಎಂದು ಅರ್ಥ. ಹೆಸರೇ ಹೀಗಿರುವಾಗ ದೊಡ್ಡವರು ಅದನ್ನು ಹತ್ತಿರಕ್ಕೆ ಸೇರಿಸದಿದ್ದುದು ಆಶ್ಚರ್ಯವಲ್ಲ. ಹದಿನೈದು ವರ್ಷಗಳೊಳಗಾಗಿ ಅದೇ ದೊಡ್ಡವರು ಅದಕ್ಕೆ ಹಾರ ಹಾಕಿದುದೇ ಆಶ್ಚರ್ಯ.

ಎರಡು ಕವಲುಗಳು

ತಾಳಕ್ಕೆ ಸರಿಯಾಗಿ ಪ್ರಾಸಬದ್ಧವಾದ ಮಾತುಗಳನ್ನು ವೇಗವಾಗಿ ನುಡಿಯುವುದಕ್ಕೆ 'ರ್ಯಾಪ್' ಎಂದು ಹೆಸರು. ಅದನ್ನೊಳಗೊಂಡ ಹಿಪ್ ಹಾಪ್ ಎಂಬ ಸಂಪ್ರದಾಯವು ೧೯೭೩ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ ಹುಟ್ಟಿತೆಂದು ಹೇಳುವರು. ಅದನ್ನು ಆರಂಭಿಸಿದವರಲ್ಲಿ ಮೊದಲಿಗನೆನಿಸಿದ ಕೂಲ್ ಹರ್ಕ್ ಎಂಬವನು ಜಮೈಕಾ ದ್ವೀಪದಲ್ಲಿ ಹುಟ್ಟಿದವನು. ಆ ದ್ವೀಪದಲ್ಲಿ ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬೀದಿಗೆ ತಂದಿಟ್ಟು, ತಟ್ಟೆಗಳನ್ನು ನುಡಿಸಿ, ಅವುಗಳ ಮೇಲೆ ಚಮತ್ಕಾರದ ಮಾತುಗಳನ್ನು ಆಡುವ ರೂಢಿಯು ಮೊದಲೇ ಇದ್ದಿತು.

ಅದೇ ರೂಢಿಯು ಇನ್ನೊಂದು ದಾರಿಯಿಂದ ನೇರವಾಗಿ ಇಂಗ್ಲೆಂಡಿಗೂ ಬಂದಿತು. ೧೯೪೮ನೆಯ ಇಸವಿ ಜೂನ್ ೨೨ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗು ವೆಸ್ಟ್ ಇಂಡೀಸಿನ ನೂರಾರು ಜನರನ್ನು ಟಿಲ್ಬರಿ ಬಂದರಿನಲ್ಲಿ ಇಳಿಸಿತು. ಯುದ್ಧದಿಂದ ಬಳಲಿದ್ದ ದೇಶಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಹೀಗೆ ಬಂದವರೂ ಅವರ ಹಿಂದೆ ಬಂದವರೂ ಬಸ್ಸು ರೈಲುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದರು. ಊರಿನ ಸಂಗೀತಶಾಲೆಗಳಲ್ಲಿ ತಮ್ಮನ್ನು ಆದರಿಸದಿರಲು, ನೆಲಮಾಳಿಗೆಗಳಲ್ಲಿ ತಮ್ಮ ಧ್ವನಿವರ್ಧಕಗಳನ್ನು ಹೂಡಿಕೊಂಡರು.

ಆದರೂ ಲಂಡನ್ನಿನ ತರುಣರು ಮೊದಮೊದಲು ರ್ಯಾಪ್ ನುಡಿದದ್ದು ಅಮೆರಿಕನರ ಉಚ್ಚಾರಣೆಯಲ್ಲಿ. ಎರವಲು ನಾಲಗೆಯಿಂದ ತನ್ನ ಮನೆಯ ಸುಖದುಃಖವನ್ನು ಹೇಳಹೊರಟವನ ಮಾತು ಯಾರ ಮನಸ್ಸಿಗೂ ನಾಟದು. ೧೯೮೪ರಲ್ಲಿ ಸ್ಮೈಲಿ ಕಲ್ಚರ್ ಎಂಬವನು ಪೂರ್ವ ಲಂಡನ್ನಿನ ಆಡುನುಡಿಯನ್ನೂ ಜಮೈಕಾದ ಆಡುನುಡಿಯನ್ನೂ ಜೊತೆಜೊತೆಯಾಗಿ ಇರಿಸಿ ಒಂದು ವಿನೋದದ ಹಾಡನ್ನು ಮಾಡಿದನು. ೧೯೯೦ರಲ್ಲಿ 'ಲಂಡನ್ ಪೊಸ್ಸಿ' ಎಂಬ ಮೇಳದವರು ತಮ್ಮ ಬೀದಿಯ ಉಚ್ಚಾರಣೆಯಲ್ಲಿಯೇ ಒಂದು ಇಡೀ ತಟ್ಟೆಯನ್ನು ಹೊರತಂದರು. ೨೦೦೧ರಲ್ಲಿ ರೂಟ್ಸ್ ಮನೂವಾ ಎಂಬ ಕವಿಯು ಆ ನುಡಿಗೆ ಒಂದು ಗಾಂಭೀರ್ಯವನ್ನು ತಂದುಕೊಟ್ಟನು. ತನ್ನ ನುಡಿಯು ತನಗೆ ದೊರೆತಮೇಲೆ ಬ್ರಿಟಿಷ್ ಹಿಪ್ ಹಾಪ್ ತನ್ನ ಕಾಲಮೇಲೆ ತಾನು ನಿಂತಿತು.

ಗೋಪುರದ ಮೇಲಿನ ತಂತಿ

ಗ್ರೈಮ್ ಹುಟ್ಟಿದ್ದು ೨೦೦೦ದ ಆಚೀಚೆಯಲ್ಲಿ, ಪೂರ್ವ ಲಂಡನ್ನಿನ ಬೋ ಮತ್ತು ಪಾಪ್ಲರ್ ಎಂಬ ಪೇಟೆಗಳಲ್ಲಿ. ಹಿಂದೆ ಅಲ್ಲಿಯವರಿಗೆ ಥೇಮ್ಸ್ ನದಿಯ ಹಡಗುಕಟ್ಟೆಗಳೇ ಜೀವನಾಧಾರವಾಗಿದ್ದವು. ಆ ಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಅದೇ ನೆಲದಲ್ಲಿ ಕೆನರಿ ವಾರ್ಫ್ ಎಂಬ ಹೆಸರಿನ ಬ್ಯಾಂಕುಗಳ ಊರೇ ಎದ್ದಿತು. ಅದರ ಮುಖ್ಯ ಗೋಪುರವು ೧೯೯೧ರಲ್ಲಿ ಪೂರ್ತಿಯಾಯಿತು. ಪುರಸಭೆಯು ಬಡವರಿಗೆಂದು ಕಟ್ಟಿಸಿದ ಎತ್ತರದ ವಸತಿಗಳ ಕಿಟಕಿಯಿಂದ ನೋಡಿದರೆ ಆ ಗೋಪುರದ ನೆತ್ತಿಯ ದೀಪವು ರಾತ್ರಿಯೆಲ್ಲ ಮಿನುಗುವುದು ಕಾಣುತ್ತಿದ್ದಿತು. ಕಣ್ಣಿಗೆ ಅಷ್ಟು ಹತ್ತಿರ, ಕೈಗೆ ಅಷ್ಟು ದೂರ! ಈ ಹಾಡಿನ ಸಿಡುಕಿಗೆ ಕಾರಣವನ್ನು ಹುಡುಕುವವರು ಮೊದಲು ಆ ಕಿಟಕಿಯ ಬಳಿ ನಿಲ್ಲತಕ್ಕದ್ದು.

ಹುಡುಗರಿಗೆ ವಾದ್ಯಗಳನ್ನು ಕೊಳ್ಳಲು ಹಣವಿರಲಿಲ್ಲ. ಮನೆಯ ಕಂಪ್ಯೂಟರಿನ ಅಗ್ಗದ ಸಲಕರಣೆಗಳಿಂದಲೂ, ಆಟವಾಡುವ ಯಂತ್ರದಿಂದಲೂ ತಾಳಗಳನ್ನು ಹೆಣೆದರು. ನಿಮಿಷಕ್ಕೆ ಸುಮಾರು ೧೪೦ ಪೆಟ್ಟುಗಳ ಓಟ. ಅದರ ಮೇಲೆ ಎಂಟು ಅಥವಾ ಹದಿನಾರು ಆವರ್ತಗಳ ಪದ್ಯ. ಇಬ್ಬರು ಎದುರುಬದುರಾಗಿ ನಿಂತು ಒಬ್ಬರ ಪದಕ್ಕೊಬ್ಬರು ಪದ ಕಟ್ಟಿ ಹಳಿಯುವ ಸ್ಪರ್ಧೆಯೂ ಉಂಟು. ಹರದೇಶಿ ನಾಗೇಶಿಗಳ ವಾದವನ್ನು ರಾತ್ರಿಯೆಲ್ಲ ಕೇಳಿದ ನಮ್ಮವರಿಗೆ ಇದರ ರುಚಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಪದ್ಯವು ಮೆಚ್ಚುಗೆಯಾದರೆ ಕೂಡಿದವರು ಕೂಗುವರು. ಒಡನೆಯೇ ತಟ್ಟೆಯನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮೊದಲಿನಿಂದ ನುಡಿಸುವರು. ನಮ್ಮ ನಾಟಕ ಕಂಪೆನಿಗಳ 'ಒನ್ಸ್ ಮೋರ್' ಇದೇ ಅಲ್ಲವೆ?

ಸರ್ಕಾರದ ಅನುಮತಿಯುಳ್ಳ ರೇಡಿಯೋ ನಿಲಯಗಳಲ್ಲಿ ಇಂಥ ಹಾಡಿಗೆ ಎಡೆಯಿರಲಿಲ್ಲ. ಆದುದರಿಂದ ಹುಡುಗರು ಅನುಮತಿಯಿಲ್ಲದ ನಿಲಯಗಳನ್ನು ತೆರೆದರು. ಇಂಥವಕ್ಕೆ ಅಲ್ಲಿ ಕಡಲುಗಳ್ಳರ ಹೆಸರಿಟ್ಟು 'ಪೈರೇಟ್ ರೇಡಿಯೋ' ಎನ್ನುವರು. ವಸತಿಗೋಪುರದ ಮಾಳಿಗೆಯ ಮೇಲೆ ರಾತ್ರಿಯ ಹೊತ್ತು ತಂತಿಯನ್ನು ನಿಲ್ಲಿಸುವುದು. ಬೇರೆಲ್ಲಿಯೋ ಒಂದು ಇಕ್ಕಟ್ಟಾದ ಕೋಣೆಯಿಂದ ಹಾಡನ್ನು ಕಳುಹಿಸುವುದು. ಅಧಿಕಾರಿಗಳು ಬಂದು ಯಂತ್ರಗಳನ್ನು ಕಿತ್ತುಕೊಂಡು ಹೋದರೆ ಮರಳಿ ಹಣ ಕೂಡಿಸಿ ಮತ್ತೆ ನಿಲ್ಲಿಸುವುದು. ೧೯೯೪ರಲ್ಲಿ ಆರಂಭವಾದ 'ರಿನ್ಸ್ ಎಫ್.ಎಂ.' ಇವುಗಳಲ್ಲಿ ಹೆಸರಾದದ್ದು. ಅದರ ಸ್ಥಾಪಕರಲ್ಲೊಬ್ಬನಾದ ಸ್ಲಿಮ್ಜೀ ಎಂಬವನು ಟವರ್ ಹ್ಯಾಮ್ಲೆಟ್ಸ್ ಭಾಗದ ಎತ್ತರದ ಕಟ್ಟಡಗಳ ಮಾಳಿಗೆಯನ್ನೇ ಹತ್ತಕೂಡದೆಂದು ೨೦೦೫ರಲ್ಲಿ ಆಜ್ಞೆಯಾಯಿತು. ಅದೇ ನಿಲಯಕ್ಕೆ ೨೦೧೦ರಲ್ಲಿ ಸರ್ಕಾರದ ಅನುಮತಿಯೂ ದೊರೆಯಿತು!

ಈ ನಿಲಯಗಳಲ್ಲಿ ಹಾಡಿ ಬೆಳೆದವರಲ್ಲಿ ಒಬ್ಬನು ಡಿಜ್ಜೀ ರಾಸ್ಕಲ್. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಘಾನಾ ದೇಶದಿಂದ ಬಂದ ತಾಯಿಯ ಆಸರೆಯಲ್ಲಿ ಬೆಳೆದ ಹುಡುಗ. ಒಂದಲ್ಲ, ಹಲವು ಶಾಲೆಗಳಿಂದ ಹೊರಗೆ ಹಾಕಿಸಿಕೊಂಡವನು. ಕೊನೆಯ ಶಾಲೆಯಲ್ಲಿ ಸಂಗೀತದ ಉಪಾಧ್ಯಾಯರೊಬ್ಬರು ಅವನನ್ನು ಗದರಿಸದೆ ಶಾಲೆಯ ಕಂಪ್ಯೂಟರಿನ ಮುಂದೆ ಕುಳ್ಳಿರಿಸಿದರು. ಹುಡುಗನು ಅಲ್ಲಿ ತಾಳಗಳನ್ನು ಕಟ್ಟಲು ಕಲಿತನು. ೨೦೦೩ರಲ್ಲಿ ಅವನ ಮೊದಲನೆಯ ಸಂಗ್ರಹವು ಹೊರಟಿತು. ಅದರ ಹೆಸರಿಗೆ 'ಮೂಲೆಯಲ್ಲಿರುವ ಹುಡುಗ' ಎಂದು ಅರ್ಥ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ವರ್ಷದ ಅತ್ಯುತ್ತಮ ಸಂಗ್ರಹಕ್ಕೆ ಸಲ್ಲುವ ಮರ್ಕ್ಯುರಿ ಬಹುಮಾನವು ಆ ವರ್ಷ ಅದಕ್ಕೇ ಸಂದಿತು. ಹುಡುಗನಿಗೆ ಆಗ ವಯಸ್ಸು ೧೮. ಶಾಲೆಗಳೆಲ್ಲ ಕೈಬಿಟ್ಟವನನ್ನು ಒಬ್ಬ ಉಪಾಧ್ಯಾಯರ ತಾಳ್ಮೆಯು ಹಿಡಿದು ನಿಲ್ಲಿಸಿದ ಸಂಗತಿಯನ್ನು ತಾಯಿತಂದೆಗಳು ಮರೆಯಬಾರದು.

ಒಂದು ನಮೂನೆ ಕಾಗದ

ಬಹುಮಾನವು ಬಂದರೂ ಸಂಶಯವು ಹೋಗಲಿಲ್ಲ. ಅದಕ್ಕೆ ಕಾರಣವೇ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಹಾಡುವ ಸ್ಥಳಗಳಲ್ಲಿ ಗುಂಡು ಹಾರಿದ ಪ್ರಸಂಗಗಳು ನಡೆದಿದ್ದವು. ಆದರೆ ಅಧಿಕಾರಿಗಳು ಹಿಡಿದ ಉಪಾಯವು ವಿಚಿತ್ರವಾದುದು. ೨೦೦೫ರಲ್ಲಿ ಲಂಡನ್ನಿನ ಪೋಲೀಸಿನವರು ೬೯೬ ಎಂಬ ಸಂಖ್ಯೆಯ ನಮೂನೆ ಕಾಗದವೊಂದನ್ನು ಹೊರಡಿಸಿದರು. ಸಂಗೀತದ ಸಭೆಯನ್ನು ಏರ್ಪಡಿಸುವವರು ೧೪ ದಿನಗಳ ಮುಂಚಿತವಾಗಿ ಹಾಡುವವರ ಹೆಸರು, ವಿಳಾಸ, ಟೆಲಿಫೋನು ಸಂಖ್ಯೆಗಳನ್ನು ಅದರಲ್ಲಿ ತುಂಬಿಕೊಡಬೇಕು. ಅಷ್ಟೇ ಅಲ್ಲ, ಯಾವ ಬಗೆಯ ಸಂಗೀತ, ಕೇಳಲು ಬರುವವರು ಯಾವ ಜನಾಂಗದವರು ಎಂಬ ಪ್ರಶ್ನೆಗಳೂ ಅದರಲ್ಲಿದ್ದವು! ಜನಾಂಗದ ಪ್ರಶ್ನೆಯನ್ನು ಮುಂದೆ ಕೈಬಿಟ್ಟರೂ ಕಾಗದವು ಉಳಿಯಿತು. ತೊಂದರೆಯೇಕೆಂದು ಸಭಾಗೃಹದ ಮಾಲಿಕರು ಗ್ರೈಮ್ ಹಾಡುವವರಿಗೆ ಬಾಗಿಲು ಮುಚ್ಚುತ್ತಿದ್ದರು. ಹನ್ನೆರಡು ವರ್ಷಗಳ ಅನಂತರ, ೨೦೧೭ರ ನವೆಂಬರಿನಲ್ಲಿ, ಆ ಕಾಗದವು ರದ್ದಾಯಿತು.

ವೇದಿಕೆಯಿಲ್ಲದವರು ಬೀದಿಯನ್ನೇ ವೇದಿಕೆ ಮಾಡಿಕೊಂಡರು. ಜಮಾಲ್ ಎಡ್ವರ್ಡ್ಸ್ ಎಂಬ ಹುಡುಗನಿಗೆ ಹದಿನೈದರ ಪ್ರಾಯದಲ್ಲಿ ತಾಯಿಯು ಒಂದು ಕ್ಯಾಮೆರಾವನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ಕೊಟ್ಟಳು. ೨೦೦೬ರಲ್ಲಿ ಅವನು 'ಎಸ್.ಬಿ.ಟಿ.ವಿ.' ಎಂಬ ಹೆಸರಿನಿಂದ ನೆರೆಕೆರೆಯ ಹಾಡುಗಾರರ ಚಿತ್ರಗಳನ್ನು ತೆಗೆದು ಇಂಟರ್ನೆಟ್ಟಿನಲ್ಲಿ ತೋರಿಸತೊಡಗಿದನು. ಮುಂದೆ ಹೆಸರಾದ ಎಷ್ಟೋ ಮಂದಿಗೆ ಆ ಕ್ಯಾಮೆರಾವೇ ಮೊದಲ ವೇದಿಕೆಯಾಯಿತು. ೨೦೨೨ರಲ್ಲಿ ೩೧ನೆಯ ವಯಸ್ಸಿನಲ್ಲಿಯೇ ಅವನು ತೀರಿಕೊಂಡಾಗ ಇಂಗ್ಲೆಂಡಿನ ತರುಣ ಲೋಕವು ಕಣ್ಣೀರಿಟ್ಟಿತು.

ಬಹುಮಾನಗಳ ಕಾಲ

೨೦೧೪ರಿಂದ ಗಾಳಿಯು ತಿರುಗಿತು. ನೈಜೀರಿಯದ ತಾಯಿತಂದೆಗಳ ಮಗನಾದ ಸ್ಕೆಪ್ಟಾ ಮತ್ತು ಅವನ ತಮ್ಮ ಜೆ.ಎಂ.ಇ. ಕೂಡಿ ಮಾಡಿದ ಒಂದು ಹಾಡಿನ ಚಿತ್ರಕ್ಕೆ ಬಿದ್ದ ಖರ್ಚು ೮೦ ಪೌಂಡು ಮಾತ್ರ. ಆ ವರ್ಷದ ಉತ್ತಮ ಚಿತ್ರವೆಂದು ಅದಕ್ಕೆ ಮೋಬೋ ಪ್ರಶಸ್ತಿ ಬಂದಿತು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಾನೇ ಹೊರತಂದ 'ಕೊನ್ನಿಚಿವಾ' ಎಂಬ ಸಂಗ್ರಹಕ್ಕಾಗಿ ಸ್ಕೆಪ್ಟಾನಿಗೆ ೨೦೧೬ರ ಮರ್ಕ್ಯುರಿ ಬಹುಮಾನವು ಬಂದಾಗ, ಅವನು ತನ್ನ ತಾಯಿತಂದೆಗಳನ್ನೂ ವೇದಿಕೆಗೆ ಕರೆದುಕೊಂಡನು.

೨೦೧೭ರಲ್ಲಿ ಸ್ಟಾರ್ಮ್‌ಜೀ ಎಂಬವನ ಸಂಗ್ರಹವು ದೇಶದ ಮಾರಾಟದ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಗ್ರೈಮ್ ಸಂಗ್ರಹವೊಂದಕ್ಕೆ ಅದುವರೆಗೆ ಸಿಕ್ಕದಿದ್ದ ಗೌರವವಿದು. ಅದೇ ವರ್ಷ ಜೂನಿನಲ್ಲಿ ಗ್ರೆನ್‌ಫೆಲ್ ಎಂಬ ವಸತಿಗೋಪುರಕ್ಕೆ ಬೆಂಕಿ ಬಿದ್ದು ೭೨ ಜನರು ಮಡಿದಿದ್ದರು. ಮರುವರ್ಷದ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಹಾಡುತ್ತ ಅವನು, ಸಂತ್ರಸ್ತರಿಗೆ ಸಲ್ಲಬೇಕಾದ ಹಣವೆಲ್ಲಿ ಎಂದು ಪ್ರಧಾನಮಂತ್ರಿಗಳನ್ನು ಹೆಸರು ಹಿಡಿದೇ ಕೇಳಿದನು. ೨೦೧೮ರಲ್ಲಿಯೇ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳ ಶುಲ್ಕವನ್ನೂ ಊಟವಸತಿಯ ವೆಚ್ಚವನ್ನೂ ಕೊಡುವ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದನು. ೨೦೧೯ರ ಜೂನ್ ೨೮ರಂದು ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯಲ್ಲಿ, ಚೂರಿಯಿಂದ ಕಾಪಾಡುವ ಕವಚದ ಮೇಲೆ ದೇಶದ ಬಾವುಟವನ್ನು ಬರೆಯಿಸಿ ತೊಟ್ಟು ನಿಂತನು. ಬಾವುಟವು ಇವರದೂ ಹೌದು, ಚೂರಿಯ ಭಯವೂ ಇವರದೇ ಹೌದು ಎಂಬುದನ್ನು ಆ ಉಡುಪೇ ಹೇಳಿತು.

ಇಂದಿನ ಸ್ಥಿತಿ

ಹಾಗಾದರೆ ಈಗ ಎಲ್ಲವೂ ಮಂಗಳವಾಯಿತೆ? ಹಾಗೆ ಹೇಳಲಾಗದು. ಗ್ರೈಮ್ ಸತ್ತಿತೆಂದು ಅಲ್ಲಿನ ರಸಿಕರಲ್ಲಿ ಆಗಾಗ ವಾದ ನಡೆಯುತ್ತದೆ. ಕಿರಿಯರಲ್ಲಿ ಅನೇಕರು 'ಡ್ರಿಲ್' ಎಂಬ ಇನ್ನೊಂದು ಬಗೆಗೆ ಒಲಿದಿರುವರು. ಅದು ಷಿಕಾಗೋ ನಗರದಿಂದ ಬಂದು, ೨೦೧೨ರ ಸುಮಾರಿನಿಂದ ದಕ್ಷಿಣ ಲಂಡನ್ನಿನಲ್ಲಿ ಬೇರೂರಿದುದು. ದನಿಯು ತಗ್ಗು, ಮಾತು ಕ್ರೂರ. ಕೆಲವು ಹಾಡುಗಳಲ್ಲಿ ಎದುರು ಗುಂಪಿನವರನ್ನು ಹೆಸರು ಹಿಡಿದು ಹಂಗಿಸುವುದುಂಟು. ಮಗನನ್ನು ಚೂರಿಗೆ ಬಲಿಕೊಟ್ಟ ತಾಯಿಯೊಬ್ಬಳು ಅಂಥ ಹಾಡನ್ನು ಕೇಳಿದರೆ ಅವಳ ಸಂಕಟವು ಎಂಥದೆಂಬುದನ್ನು ಊಹಿಸಬಹುದು. ೨೦೧೯ರಲ್ಲಿ ಇಬ್ಬರು ಡ್ರಿಲ್ ಹಾಡುಗಾರರು ನ್ಯಾಯಾಲಯದ ಪ್ರತಿಬಂಧವನ್ನು ಮೀರಿ ಒಂದು ಹಾಡನ್ನು ಸಭೆಯಲ್ಲಿ ಹಾಡಿದರೆಂದು ಅವರಿಗೆ ಒಂಬತ್ತು ತಿಂಗಳ ಸೆರೆಯನ್ನು ವಿಧಿಸಿ, ಅದನ್ನು ಎರಡು ವರ್ಷ ತಡೆಹಿಡಿದರು. ಕೊಲೆಯ ಮೊಕದ್ದಮೆಗಳಲ್ಲಿ ಪದ್ಯಗಳನ್ನೇ ಸಾಕ್ಷಿಯಾಗಿ ಓದುವುದೂ ಉಂಟು. ಕವಿಯು 'ನಾನು' ಎಂದದ್ದೆಲ್ಲ ಅವನ ತಪ್ಪೊಪ್ಪಿಗೆಯೇ ಎಂಬ ಪ್ರಶ್ನೆಯು ಅಲ್ಲಿನ ವಕೀಲರನ್ನೂ ವಿದ್ವಾಂಸರನ್ನೂ ಕಾಡುತ್ತಿದೆ.

ಹಾಡುಗಾರರೆಲ್ಲರೂ ಸಜ್ಜನರೆಂದೂ ನಾವು ಹೇಳಲೊಲ್ಲೆವು. ಗ್ರೈಮಿನ ಆದ್ಯನೆನಿಸಿದ ವೈಲಿಯು ಯೆಹೂದ್ಯರನ್ನು ಕುರಿತು ೨೦೨೦ರಲ್ಲಿ ದ್ವೇಷದ ಮಾತುಗಳನ್ನು ಬರೆದು, ತನಗೆ ದೊರೆತಿದ್ದ ಎಂ.ಬಿ.ಇ. ಗೌರವವನ್ನು ೨೦೨೪ರಲ್ಲಿ ಕಳೆದುಕೊಂಡನು. ನೊಂದವರ ಬಾಯಿಂದಲೂ ನೋಯಿಸುವ ಮಾತು ಬರಬಹುದು.

ಹಣದ ದೃಷ್ಟಿಯಿಂದ ನೋಡಿದರೆ ಬ್ರಿಟಿಷ್ ರ್ಯಾಪಿಗೆ ಇಂಥ ಸುಗ್ಗಿಯು ಹಿಂದೆ ಇರಲಿಲ್ಲ. ೨೦೨೩ರಲ್ಲಿ ಡೇವ್ ಮತ್ತು ಸೆಂಟ್ರಲ್ ಸೀ ಎಂಬವರು ಕೂಡಿ ಹಾಡಿದ ಹಾಡೊಂದು ಹತ್ತು ವಾರಗಳ ಕಾಲ ದೇಶದ ಪಟ್ಟಿಯ ತುದಿಯಲ್ಲಿ ನಿಂತಿತು. ಆದರೆ ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡಬೇಕಲ್ಲವೆ? ೨೦೨೨ರ ಮರ್ಕ್ಯುರಿ ಬಹುಮಾನವನ್ನು ಪಡೆದ ಲಿಟ್ಲ್ ಸಿಮ್ಜ್ ಎಂಬ ತರುಣಿಯು ಹುಡುಗಿಯಾಗಿದ್ದಾಗ ಹಾಡಿ ಕುಣಿದು ಕಲಿತದ್ದು ಇಸ್ಲಿಂಗ್ಟನ್ನಿನ ಒಂದು ಯುವಜನ ಕೂಟದಲ್ಲಿ. ಶಾಲೆ ಬಿಟ್ಟ ಮೇಲೆ ಬಡ ಮಕ್ಕಳು ಬೀದಿ ತಿರುಗದೆ ಬಂದು ಕೂಡುವ ಇಂಥ ಎಷ್ಟೋ ಕೂಟಗಳು, ೨೦೧೦ರ ಅನಂತರ ಸರ್ಕಾರವು ಖರ್ಚನ್ನು ಕಡಿತಮಾಡಿದಾಗ ಮುಚ್ಚಿಹೋದವು. ಚಿಕ್ಕ ಸಭಾಗೃಹಗಳೂ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಹುಡುಗರೆಲ್ಲ ಒಂದು ಕೋಣೆಯಲ್ಲಿ ಸೇರಿ ಕಲಿಯುತ್ತಿದ್ದ ಪೈರೇಟ್ ರೇಡಿಯೋದ ಕಾಲವೂ ಕಳೆಯಿತು. ಈಗ ಒಬ್ಬೊಬ್ಬನೂ ತನ್ನ ಕೋಣೆಯಲ್ಲಿ ಒಬ್ಬನೇ. ಹಣ್ಣಿಗೆ ಪ್ರದರ್ಶನದಲ್ಲಿ ಬಹುಮಾನ ಕೊಟ್ಟು, ಸಸಿಯ ಪಾತಿಗೆ ನೀರು ನಿಲ್ಲಿಸಿದ ತೋಟಗಾರನನ್ನು ಏನೆನ್ನಬೇಕು? ಈ ಸಂಗೀತದ ಇಂದಿನ ಸ್ಥಿತಿಯು ಇದೇ.

ಇದರಿಂದ ದೂರದ ನಮಗೇನು ಎಂದು ವಾಚಕರು ಕೇಳಬಹುದು. ಒಂದು ದೇಶದ ಹಿರಿಯರು ತಮ್ಮ ಮಕ್ಕಳ ಹಾಡನ್ನು ಕೇಳುವುದಕ್ಕೆ ಮೊದಲೇ ಹೆದರಿದರು. ಅದರೊಳಗೆ ಬಡತನದ ದೂರಿದೆ, ತಾಯಿಯ ಸ್ಮರಣೆಯಿದೆ, ಸತ್ತ ಗೆಳೆಯರ ಶೋಕವಿದೆ ಎಂಬುದನ್ನು ತಿಳಿಯಲು ಅವರಿಗೆ ಹದಿನೈದು ವರ್ಷಗಳು ಹಿಡಿದವು. ಅಷ್ಟರಲ್ಲಿ ಎಷ್ಟು ಹುಡುಗರು ಮೂಲೆಯಲ್ಲಿಯೇ ಉಳಿದುಹೋದರೋ ಬಲ್ಲವರಾರು? ಮೆಚ್ಚುವುದು ಬಿಡುವುದು ಆಮೇಲಿನ ಮಾತು. ಕೆಟ್ಟ ಮಾತನ್ನು ಕೆಟ್ಟದ್ದೆಂದು ಹೇಳುವ ಅಧಿಕಾರವು ಹಿರಿಯರಿಗೆ ಇದ್ದೇ ಇದೆ. ಆದರೆ ಕೇಳಿದವನಿಗೆ ಮಾತ್ರ ಆ ಅಧಿಕಾರವು ಒಪ್ಪುವುದು.

ಆದಕಾರಣ ಮುಂದಿನ ಸಲ ಮಗನ ಕೋಣೆಯಿಂದ ಆ ತಾಳವು ಕೇಳಿಬಂದಾಗ, ಹೊರಗಿನಿಂದ ಗದರಿಸುವುದಕ್ಕೆ ಬದಲಾಗಿ ಬಾಗಿಲನ್ನು ತಟ್ಟಿ ಒಳಗೆ ಹೋಗಿ ಕುಳಿತುಕೊಳ್ಳಿರಿ. "ಇವನು ಏನು ಹೇಳುತ್ತಾನಪ್ಪ? ನನಗೂ ಸ್ವಲ್ಪ ಬಿಡಿಸಿ ಹೇಳು" ಎಂದು ಕೇಳಿರಿ. ಹಾಡು ನಿಮಗೆ ಹಿಡಿಸದೆ ಹೋಗಬಹುದು. ಮಗನು ಮಾತನಾಡುವನು, ಲಾಭವು ಅಷ್ಟಾದರೆ ಸಾಲದೆ?