ಉದ್ಘಾಟನೆಯ ಮರುದಿನ

ಊರಿಗೊಂದು ಕಲಾಭವನ ಕಟ್ಟಬೇಕಾ? ದೇಣಿಗೆ ಎತ್ತಿ ಕಟ್ಟಿಬಿಡಬಹುದು. ಉದ್ಘಾಟನೆಯ ಮರುದಿನದಿಂದ ಕರೆಂಟ್ ಬಿಲ್ ಯಾರು ಕಟ್ತಾರೆ? ಯೋಜನೆ ಶುರುವಾಗಬೇಕಾದ್ದು ಅಲ್ಲಿಂದ.

ಬೆಂಗಳೂರು ಜೆ.ಪಿ. ನಗರದ ರಂಗಮಂದಿರ ರಂಗಶಂಕರ ನೋಡಿ. ನಟ ಶಂಕರ್ ನಾಗ್ ನೆನಪಿನಲ್ಲಿ, ಅವರ ಪತ್ನಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು. ಬಾಗಿಲು ತೆರೆದದ್ದು 2004ರಲ್ಲಿ. ಇಲ್ಲಿ ರಂಗಭೂಮಿಗೇ ಮೊದಲ ಮಣೆ. ಮದುವೆ, ಆರತಕ್ಷತೆಗೆ ಕೊಟ್ಟಿದ್ದರೆ ದುಡ್ಡೇನೋ ಬರ್ತಿತ್ತು, ನಾಟಕ ತಂಡಗಳಿಗೆ ತಾರೀಖು ಸಿಗ್ತಿರಲಿಲ್ಲ.

ಹವ್ಯಾಸಿ ತಂಡಕ್ಕೆ ಬಾಡಿಗೆ ಕೈಗೆಟುಕಬೇಕು. ಹಾಗಾದಾಗ ಟಿಕೆಟ್, ಬಾಡಿಗೆ ಎರಡರಿಂದಲೂ ಖರ್ಚು ಹುಟ್ಟಲ್ಲ. ಉಳಿದದ್ದಕ್ಕೆ ಪ್ರಾಯೋಜಕರು, ದಾನಿಗಳು ಬೇಕು, ಅದೂ ವರ್ಷ ವರ್ಷ. ಮೊದಲ ವರ್ಷ ಹಾರ ಹಾಕಿಸಿಕೊಂಡವರು ಮೂರನೇ ವರ್ಷ ಫೋನ್ ಎತ್ತಲಿಕ್ಕಿಲ್ಲ, ಅದನ್ನೂ ಲೆಕ್ಕದಲ್ಲಿ ಹಿಡೀರಿ.

ರಂಗಶಂಕರದ ಇನ್ನೊಂದು ಜಾಣತನ: ನಾಟಕ ಶುರುವಾದ ಮೇಲೆ ಎಂಥ ದೊಡ್ಡವರು ಬಂದರೂ ಒಳಗೆ ಬಿಡಲ್ಲ. ಟ್ರಾಫಿಕ್‌ಗೆ ಹೆದರಿ ಜನ ಬೇಗ ಬರ್ತಾರೆ. ಬಂದವರು ಅಲ್ಲೇ ಕೆಫೆಯಲ್ಲಿ ಅಕ್ಕಿರೊಟ್ಟಿ ತಿಂತಾರೆ, ಕಾಫಿ ಕುಡೀತಾರೆ, ಪುಸ್ತಕ ತಿರುವಿ ನೋಡ್ತಾರೆ. ಶಿಸ್ತೂ ಆಯ್ತು, ವ್ಯಾಪಾರವೂ ಆಯ್ತು.

ನಿಮ್ಮೂರಲ್ಲೂ ಕಟ್ಟೋದಾದ್ರೆ, ನಕ್ಷೆಗೆ ಮುಂಚೆ ಒಂದು ಹಾಳೆ ತಗೊಳ್ಳಿ. ಲೈಟಿನವರ ಸಂಬಳ, ಶೌಚಾಲಯದ ಸ್ವಚ್ಛತೆ, ಜನರೇಟರ್ ಡೀಸೆಲ್, ಮೊದಲು ಇವನ್ನ ಬರೀರಿ.