ನಿಮಗಿದು ಗೊತ್ತೆ? ‘ಹ್ಯಾಮರ್ ಇಲ್ಲದ’ ಪಿಸ್ತೂಲಿನೊಳಗೆ ಹ್ಯಾಮರ್!

ಅಮೆರಿಕದ ಕೋಲ್ಟ್ ಕಂಪನಿ 1903ರಲ್ಲಿ ತಂದ ಪುಟ್ಟ ಪಿಸ್ತೂಲಿನ ಹೆಸರು ‘ಪಾಕೆಟ್ ಹ್ಯಾಮರ್‌ಲೆಸ್’. ಆದರೆ ಅದಕ್ಕೂ ಹ್ಯಾಮರ್, ಅಂದರೆ ಗುಂಡು ಸಿಡಿಸಲು ಬಡಿಯುವ ಪುಟ್ಟ ಸುತ್ತಿಗೆ ಇತ್ತು! ವಿನ್ಯಾಸಕಾರ ಜಾನ್ ಬ್ರೌನಿಂಗ್ ಅದನ್ನು ಮೇಲಿನ ಜಾರುವ ಹೊದಿಕೆಯಾದ ಸ್ಲೈಡ್‌ನ ಒಳಗೆ ಅಡಗಿಸಿಟ್ಟಿದ್ದ, ಅಷ್ಟೆ.

ಕಾರಣ ಸರಳ. ಕೋಟಿನ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಹೊರಚಾಚಿದ ಹ್ಯಾಮರ್‌ನ ಕೊಕ್ಕೆ ಅವಸರದಲ್ಲಿ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಅಡಗಿಸಿದರೆ ಆ ತೊಡಕಿಲ್ಲ. ಆದರೆ ಹ್ಯಾಮರ್ ಹಿಂದಕ್ಕೆ ಎಳೆದ ಸ್ಥಿತಿಯಲ್ಲಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣದು. ಇದು ಸಣ್ಣ ಸಂಗತಿಯಲ್ಲ: ಎಳೆದಿದ್ದರೆ ಪಿಸ್ತೂಲು ಗುಂಡು ಹಾರಿಸಲು ಸಿದ್ಧ. ಅದಕ್ಕೇ ಹಿಡಿಕೆಯ ಹಿಂಬದಿಗೆ ಒಂದು ಕಾವಲು: ಅಂಗೈ ಅದನ್ನು ಒತ್ತಿ ಹಿಡಿಯದೆ ಗುಂಡು ಹಾರದು. ಸುಮಾರು 5.7 ಲಕ್ಷ ಪಿಸ್ತೂಲುಗಳು ತಯಾರಾದವು. ಐಸೆನ್‌ಹೋವರ್, ಬ್ರಾಡ್ಲಿ ಅವರಂಥ ಅಮೆರಿಕದ ಸೇನಾಧಿಕಾರಿಗಳ ಬಳಿಯೂ ಇದಿತ್ತು.

ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ‘ಪಿಪಿ’ ಪಿಸ್ತೂಲಿನಲ್ಲಿ ಬೇರೆಯೇ ದಾರಿ ಹಿಡಿಯಿತು. ಹ್ಯಾಮರ್ ಹೊರಗೇ ಉಳಿಯಿತು, ಆದರೆ ದುಂಡಗಾಗಿ, ಪುಟ್ಟದಾಗಿ. ಒಂದು ಸನ್ನೆಗೋಲನ್ನು ಒತ್ತಿದರೆ ಅದು ಗುಂಡು ಸಿಡಿಯದಂತೆ ತಡೆದು ಹ್ಯಾಮರನ್ನು ಕೆಳಗಿಳಿಸುತ್ತಿತ್ತು. ಬಳಿಕ ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು; ಮುಂದಿನವಕ್ಕೆ ಹಗುರವಾಗಿ ಎಳೆದರೆ ಸಾಕು. ನನ್ನ ಮಟ್ಟಿಗೆ ಇದೇ ಹೆಚ್ಚು ಜಾಣತನದ ಪರಿಹಾರ. ಜೇಮ್ಸ್ ಬಾಂಡ್‌ನ ‘ಪಿಪಿಕೆ’ ಇದರದೇ ಗಿಡ್ಡ ತಮ್ಮ.