ತಲೆಬಿಸಿಯಿಂದ ಸನ್ನಿಯವರೆಗೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, 1956ರ ಏಕೀಕರಣದ ತನಕ, ಭಟ್ಕಳ, ಹೊನ್ನಾವರ, ಕುಮಟಾಗಳ ಜನರು ಉಚ್ಚ ವಿದ್ಯಾಭ್ಯಾಸಕ್ಕಾಗಿ ಘಟ್ಟ ಹತ್ತಿ ಧಾರವಾಡಕ್ಕೆ ಹೋಗುತ್ತಿದ್ದರು; ಮನೆಯಲ್ಲೊಬ್ಬರ ಚಿತ್ತವು ಸ್ತಿಮಿತ ತಪ್ಪಿ, ಹರಕೆ, ನೋಟ, ತಾಯಿತಗಳೆಲ್ಲ ಮುಗಿದು, ಬಂಧುಗಳು ದಿಕ್ಕುತೋಚದೆ ಕುಳಿತಾಗ ರೋಗಿಯನ್ನು ಕರೆದೊಯ್ಯುತ್ತಿದ್ದುದೂ ಅದೇ ಧಾರವಾಡಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸ್ಥಾಪಿತವಾಗಿ ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆಯುತ್ತಿರುವ ಆ ಮಾನಸಿಕ ಆಸ್ಪತ್ರೆಯು ಎಷ್ಟೋ ಸಂಸಾರಗಳಿಗೆ ಆಸರೆಯಾಯಿತು. ಆದರೂ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಬೈಗುಳವಾಗಿಯೇ ಉಳಿಯಿತು. ‘ಮಳ್ಳು’, ‘ಹುಚ್ಚು’ ಎಂಬ ಎರಡೇ ಶಬ್ದಗಳಲ್ಲಿ ನೂರು ಬಗೆಯ ಸಂಕಟಗಳು ಅಡಗಿಹೋದುವು. ರೋಗದ ಹೆಸರೇ ಬೈಗುಳವಾದಲ್ಲಿ ರೋಗಿಯು ಮೌನ ತಾಳುತ್ತಾನೆ. ಇಲ್ಲವೆ ತನ್ನ ವ್ಯಥೆಯನ್ನು ಬೇರೊಂದು ಹೆಸರಿನಿಂದ ಹೇಳಿಕೊಳ್ಳುತ್ತಾನೆ. ಆದುದರಿಂದ ಮನೋವೈದ್ಯರು ಬಳಸುವ ಪದಗಳ ಅರ್ಥವನ್ನು ಸಾಮಾನ್ಯ ಓದುಗನು ತಿಳಿಯುವುದು ಅತ್ಯಾವಶ್ಯಕವೆಂದು ನಾನು ಭಾವಿಸುತ್ತೇನೆ.

ತಾಲೂಕು ಆಸ್ಪತ್ರೆಗೆ ಬಂದು ‘ನನಗೆ ಖಿನ್ನತೆ’ ಎನ್ನುವವರು ವಿರಳ. ‘ತಲೆಬಿಸಿ’, ‘ಬೇಜಾರು’, ‘ಎದೆ ಡವಡವ ಅಂತದೆ’, ‘ಕೈಕಾಲಿನಲ್ಲಿ ಶಕ್ತಿಯೇ ಇಲ್ಲ’ ಎಂಬಿವೇ ನಮ್ಮ ಕರಾವಳಿಯ ಮಾತುಗಳು. ಬೇಜಾರು ಯಾರಿಗಿಲ್ಲ? ಮಗನು ದುಬೈಗೆ ಹೊರಟ ದಿನ ತಾಯಿಗೆ ಊಟ ಸೇರದಿರುವುದು, ಮಳೆ ಅಡಿಕೆಯನ್ನು ಕೊಳೆಯಿಸಿದಾಗ ತೋಟಿಗನು ರಾತ್ರಿ ಹೊರಳಾಡುವುದು ರೋಗವಲ್ಲ. ಅದೇ ಕುಗ್ಗುವಿಕೆಯು ಎರಡು ವಾರಗಳಿಗೂ ಮಿಕ್ಕಿ ದಿನದ ಬಹುಭಾಗವನ್ನು ಆವರಿಸಿ, ಯಕ್ಷಗಾನವೆಂದರೆ ಊಟ ಬಿಟ್ಟು ಓಡುತ್ತಿದ್ದವನಿಗೆ ಚೆಂಡೆಯ ಸದ್ದೂ ಬೇಡವಾಗಿ, ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗಿ, ತಾನು ಮನೆಗೆ ಭಾರವೆಂಬ ಭಾವನೆ ಬೇರೂರಿದಾಗ ವೈದ್ಯನು ಅದನ್ನು ಖಿನ್ನತೆಯೆಂದು ಕರೆಯುತ್ತಾನೆ. ಅಂಥವರನ್ನು ‘ಸಾಯಬೇಕೆಂಬ ಯೋಚನೆ ಬರುತ್ತದೆಯೆ?’ ಎಂದು ಮೃದುವಾಗಿ, ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಆ ಪ್ರಶ್ನೆಯಿಂದಲೇ ಕಟ್ಟಿದ ಬಾಯಿ ತೆರೆಯುತ್ತದೆ.

ಆತಂಕದ ರೋಗವು ಇದಕ್ಕೆ ನೆರೆಯದು. ಯಾವ ಕಾರಣವೂ ಇಲ್ಲದೆ ಎದೆ ಬಡಿದು, ಬೆವರಿ, ಉಸಿರು ಕಟ್ಟಿ, ಈ ಕ್ಷಣವೇ ಪ್ರಾಣ ಹೋಗುವುದೆಂಬ ಭಯವು ಕೆಲವೇ ನಿಮಿಷಗಳಲ್ಲಿ ಶಿಖರಕ್ಕೇರಿ ಮತ್ತೆ ಇಳಿಯುವುದನ್ನು ಪ್ಯಾನಿಕ್ ಎನ್ನುತ್ತಾರೆ. ಹೃದಯಾಘಾತವೆಂದು ಹೆದರಿ ಮಣಿಪಾಲದವರೆಗೂ ಓಡಿದವರಿಗೆ ಇಸಿಜಿ ಸರಿಯಾಗಿದೆಯೆಂದು ತೋರಿಸಿ ‘ನಿಮಗೇನೂ ಇಲ್ಲ’ ಎಂದು ಕಳಿಸಿಬಿಡುವುದುಂಟು. ಹೃದಯಕ್ಕೆ ಏನೂ ಆಗಿಲ್ಲವೆಂಬುದು ನಿಜವೇ. ಆದರೆ ಅವರು ಅನುಭವಿಸಿದ ಭಯವು ಸುಳ್ಳಲ್ಲ, ಅದಕ್ಕೆ ಹೆಸರೂ ಚಿಕಿತ್ಸೆಯೂ ಇವೆಯೆಂಬುದನ್ನು ಅವರಿಗೆ ಹೇಳಲೇಬೇಕು.

ಇವೆರಡರಲ್ಲಿಯೂ ರೋಗಿಗೆ ತನಗೇನೋ ಆಗಿದೆಯೆಂಬ ಅರಿವಿರುತ್ತದೆ. ಆ ಅರಿವೇ ಕಳೆಯುವ ಅವಸ್ಥೆಯನ್ನು ಸೈಕೋಸಿಸ್ ಎನ್ನುತ್ತಾರೆ. ಅದರ ಎರಡು ಪ್ರಧಾನ ಲಕ್ಷಣಗಳನ್ನು ಬೇರೆಬೇರೆಯಾಗಿ ಗ್ರಹಿಸತಕ್ಕುದು. ಯಾರೂ ಮಾತನಾಡದಿದ್ದರೂ ಕಿವಿಯಲ್ಲಿ ಸ್ಪಷ್ಟವಾಗಿ ಧ್ವನಿಗಳು ಕೇಳಿ, ಅವು ಬೈಯುವುದು, ಅಪ್ಪಣೆ ಮಾಡುವುದು ಇಂದ್ರಿಯಭ್ರಮೆ, ಅಂದರೆ ಹ್ಯಾಲ್ಯೂಸಿನೇಷನ್. ನೆರೆಮನೆಯವರು ಅನ್ನದಲ್ಲಿ ವಿಷ ಬೆರೆಸುತ್ತಿದ್ದಾರೆಂದು, ಟಿವಿಯಲ್ಲಿ ತನ್ನ ಸುದ್ದಿಯೇ ಬರುತ್ತಿದೆಯೆಂದು ಯಾವ ಪ್ರಮಾಣಕ್ಕೂ ಜಗ್ಗದಂತೆ ನಂಬುವುದು ಮಿಥ್ಯಾನಂಬಿಕೆ, ಅಂದರೆ ಡೆಲ್ಯೂಷನ್. ದೈವದ ಮುಂದೆ ಪಾತ್ರಿಯ ಮೈಮೇಲೆ ಬರುವುದೂ ಇದೇ ಅಲ್ಲವೆ ಎಂದು ಕೇಳುವವರಿದ್ದಾರೆ. ಹಾಗಲ್ಲ. ಇಡೀ ಸಮುದಾಯವು ಹಂಚಿಕೊಂಡ ನಂಬಿಕೆಯನ್ನೂ, ನಿಯತ ಕಾಲದಲ್ಲಿ ನಿಯತ ಸ್ಥಳದಲ್ಲಿ ಬಂದು ಇಳಿದುಹೋಗುವ ಆವೇಶವನ್ನೂ ಮನೋವೈದ್ಯಶಾಸ್ತ್ರವೇ ರೋಗವೆಂದು ಗಣಿಸುವುದಿಲ್ಲ. ಆರಾಧನೆ ಮುಗಿದ ಮರುದಿನ ಪಾತ್ರಿಯು ಗದ್ದೆಗೆ ಇಳಿಯುತ್ತಾನೆ. ರೋಗಿಯಾದರೋ ಊಟ, ಸ್ನಾನ, ದುಡಿಮೆಗಳನ್ನು ತೊರೆದು ತನ್ನವರಿಂದಲೇ ಅಗಲಿಹೋಗುತ್ತಾನೆ.

ಸೈಕೋಸಿಸ್ ಉಂಟುಮಾಡುವ ರೋಗಗಳಲ್ಲಿ ಸ್ಕಿಜೋಫ್ರೇನಿಯಾ ಮುಖ್ಯವಾದುದು. 1908ರಲ್ಲಿ ಸ್ವಿಟ್ಜರ್ಲೆಂಡಿನ ಓಯ್ಗನ್ ಬ್ಲಾಯ್ಲರ್ ಕೊಟ್ಟ ಈ ಹೆಸರನ್ನು ‘ಒಬ್ಬನೊಳಗೆ ಇಬ್ಬರು’ ಎಂದು ಸಿನಿಮಾಗಳು ತಪ್ಪಾಗಿ ತೋರಿಸಿವೆ. ಧ್ವನಿ ಕೇಳುವ, ಸಂಶಯಪಡುವ ಲಕ್ಷಣಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಮಾತು ಕುಂದಿ, ಮುಖಭಾವ ಆರಿ, ಮೂಲೆಯಲ್ಲಿ ಕುಳಿತೇ ಇರುವ ಲಕ್ಷಣವನ್ನು ಮಾತ್ರ ‘ಸೋಮಾರಿತನ’ ಎಂದು ಬಯ್ಯುತ್ತೇವೆ. ಕರಾವಳಿಯಿಂದ ಘಟ್ಟದಾಚೆಗಿರುವ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯ ಸಂಸ್ಥೆಯ ತಜ್ಞರು ಈ ರೋಗಿಗಳನ್ನು ಮನೆಮನೆಯಲ್ಲಿ ಗುರುತಿಸಿ ನಡೆಸಿದ ಅಧ್ಯಯನದಲ್ಲಿ, ಔಷಧವನ್ನೇ ಕಾಣದವರಲ್ಲಿ ಲಕ್ಷಣಗಳೂ ದೈನಂದಿನ ಅಶಕ್ತತೆಯೂ ಔಷಧ ಪಡೆದವರಿಗಿಂತ ಹೆಚ್ಚಾಗಿದ್ದುವು. ಅಡಿಕೆ ತೋಟದ ನಡುವಿನ ಮನೆಗಳಲ್ಲಿಯೇ ಅವರನ್ನು ಉಪಚರಿಸಲು ಸಾಧ್ಯವಾಯಿತೆಂಬುದು ನಮ್ಮ ಭಾಗದವರು ಮನನ ಮಾಡತಕ್ಕ ಸಂಗತಿ.

ಸನ್ನಿಯ, ಅಂದರೆ ಮಿದುಳಿನ ತೊಂದರೆಯಿಂದ ಹಠಾತ್ತನೆ ಪರಿವೆ ತಪ್ಪುವ ಅವಸ್ಥೆಯ, ವಿಷಯವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ವಿಳಂಬವು ಪ್ರಾಣಾಂತಕ. ಅನೇಕ ವರ್ಷ ನಿತ್ಯವೂ ಕುಡಿಯುತ್ತಿದ್ದ ಮೀನುಗಾರನೊಬ್ಬನು ದೋಣಿಯಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದನೆಂದು ಊಹಿಸಿರಿ. ಕುಡಿತ ನಿಂತ ಎರಡನೆಯ ಅಥವಾ ಮೂರನೆಯ ದಿನ ಕೈ ನಡುಗಿ, ಬೆವರಿ, ಹಗಲು ರಾತ್ರಿಗಳ ಪರಿವೆ ತಪ್ಪಿ, ಗೋಡೆಯ ಮೇಲೆ ಹುಳು ಹಾವುಗಳು ಹರಿಯುತ್ತಿವೆಯೆಂದು ಅವನು ಕೂಗತೊಡಗಿದರೆ, ಬಂಧುಗಳು ಭೂತದ ಸೋಂಕು ತಗಲಿತೆಂದು ಮನೆಗೆ ಕರೆದೊಯ್ಯಲು ಅವಸರಪಡುತ್ತಾರೆ. ಇದು ಮದ್ಯವು ಹಠಾತ್ತನೆ ನಿಂತುದರಿಂದ ಮಿದುಳಿಗೆ ಬಂದ ಸನ್ನಿ; ಡೆಲಿರಿಯಮ್ ಟ್ರೆಮೆನ್ಸ್ ಎಂಬುದು ಇದರ ಹೆಸರು. ಅಪಸ್ಮಾರದಂಥ ಸೆಳವು ಬರಬಹುದು, ಜೀವವೂ ಹೋಗಬಹುದು; ಸಕಾಲದಲ್ಲಿ ಔಷಧವೂ ಥಯಮಿನ್ ಜೀವಸತ್ವವೂ ದೊರೆತರೆ ಬಹುಮಂದಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಆಸ್ಪತ್ರೆ ಸೇರಿಸುವಾಗಲೇ ಕುಡಿತದ ಸಂಗತಿಯನ್ನು ವೈದ್ಯನಿಂದ ಮರೆಮಾಡಬಾರದು. ವೃದ್ಧರಲ್ಲಿ ಜ್ವರ, ಮೂತ್ರದ ಸೋಂಕು, ಸೋಡಿಯಂ ಕೊರತೆಗಳಿಂದಲೂ ಸನ್ನಿ ತಲೆದೋರುತ್ತದೆ.

ಬಾಣಂತಿ ಸನ್ನಿಯೆಂದು ನಮ್ಮ ಹಿರಿಯರು ಹೆದರುತ್ತಿದ್ದುದು ಬೇರೊಂದು ವ್ಯಾಧಿ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಬಹುತೇಕ ಮೊದಲ ಎರಡು ವಾರಗಳೊಳಗೆ, ನಿದ್ರೆ ಹಾರಿ, ಮಾತು ತಪ್ಪಿ, ಮಗುವಿನ ಬಗೆಗೇ ವಿಪರೀತ ನಂಬಿಕೆಗಳು ಮೂಡುತ್ತವೆ. ತಾಯಿ ಮಗು ಇಬ್ಬರಿಗೂ ಅಪಾಯವಿರುವುದರಿಂದ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ಗುಣವಾಗುವ ರೋಗ. ಆದರೆ ಗುಣವಾಗಿ ಬಂದವಳನ್ನು ಮನೆಯೂ ಸಮಾಜವೂ ನಡೆಸಿಕೊಳ್ಳುವ ರೀತಿಯೇ ಎರಡನೆಯ ರೋಗವಾಗಬಹುದೆಂಬುದನ್ನು ತ್ರಿವೇಣಿಯವರು ‘ಶರಪಂಜರ’ ಕಾದಂಬರಿಯಲ್ಲಿ ಕನ್ನಡಿಗರಿಗೆ ಕಾಣಿಸಿಕೊಟ್ಟರು. ವೈದ್ಯರಾಗಿದ್ದ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಂಥ ಪರಂಪರೆಯುಳ್ಳ ಭಾಷೆಯಲ್ಲಿ ಮನೋರೋಗದ ಮಾತನ್ನು ಆಡಲು ಸಂಕೋಚವೇಕೆ?

ಉಳಿದ ಒಂದೆರಡನ್ನು ಸಂಕ್ಷೇಪವಾಗಿ ಹೇಳುವೆನು. ಕೆಲವು ಕಾಲ ಖಿನ್ನತೆ, ಕೆಲವು ಕಾಲ ನಿದ್ರೆಯೇ ಬೇಡವಾಗುವ ಅತಿ ಉತ್ಸಾಹ, ದುಂದುವೆಚ್ಚ, ಅಳತೆ ಮೀರಿದ ಮಾತು, ನಡುವೆ ಎಲ್ಲರಂತೆ ಇರುವುದು, ಇದು ಬೈಪೋಲಾರ್ ರೋಗ. ತನಗೇ ಅರ್ಥಹೀನವೆಂದು ತಿಳಿದಿದ್ದರೂ ಗಂಟೆಗಟ್ಟಲೆ ಕೈ ತೊಳೆಯುವುದು, ಬೀಗವನ್ನು ಮತ್ತೆ ಮತ್ತೆ ನೋಡುವುದು ಗೀಳುರೋಗ. ಮಡಿಮೈಲಿಗೆಯ ಮನೆಗಳಲ್ಲಿ ಅದು ಆಚಾರದ ಹೆಸರಿನಲ್ಲಿ ಬಹುಕಾಲ ಅಡಗಿರಬಲ್ಲುದು.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಮೇರೆಗೆ ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿತ್ತು. ಅವರಲ್ಲಿ ಅತ್ಯಧಿಕ ಮಂದಿ ಚಿಕಿತ್ಸೆಯಿಂದ ದೂರವೇ ಇದ್ದರು. ಈಗ ಕುಮಟೆಯವನು ಧಾರವಾಡವನ್ನೇ ನೆನೆಯಬೇಕಾಗಿಲ್ಲ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಜ್ಞರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡುಂಟು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳೆನ್ನದೆ ಕನ್ನಡದಲ್ಲಿಯೇ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರನ್ನು ಶಿಕ್ಷೆಗೆ ಗುರಿಮಾಡದೆ ಆರೈಕೆ ಮಾಡಬೇಕೆಂದು ವಿಧಿಸಿತು.

ಮನೋರೋಗದ ಗುಳಿಗೆಗಳೆಲ್ಲ ‘ನಿದ್ರೆ ಗುಳಿಗೆ’ ಎಂಬ ಭಾವನೆ ಇನ್ನೂ ಬಲವಾಗಿದೆ. ನಿದ್ರೆಗಾಗಿ ಕೊಡುವ ಕೆಲವು ಔಷಧಗಳು ಅಭ್ಯಾಸವಾಗಬಲ್ಲುವು, ನಿಜ. ಖಿನ್ನತೆಯ ಗುಳಿಗೆಗಳು ಆ ಜಾತಿಯವಲ್ಲ. ಅವು ಫಲ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಾರದೊಳಗೆ ಗುಣ ಕಾಣಲಿಲ್ಲವೆಂದು ಬಿಡುವುದೂ, ಗುಣ ಕಂಡೊಡನೆ ಬಿಡುವುದೂ ಸಮಾನವಾಗಿ ಹಾನಿಕರ. ರಕ್ತಪರೀಕ್ಷೆಯೊಂದರಿಂದ ತೀರ್ಮಾನವಾಗುವ ರೋಗಗಳಿವಲ್ಲವಾದುದರಿಂದ ವೈದ್ಯನು ಮನೆಯವರ ಮಾತನ್ನೇ ನಂಬಿರುತ್ತಾನೆ. ನಿದ್ರೆ ಎಂದಿನಿಂದ ಕೆಟ್ಟಿತು, ಊಟ ಎಷ್ಟು ಕುಂದಿತು, ಕೆಲಸಕ್ಕೆ ಹೋಗುವುದನ್ನು ಯಾವ ತಿಂಗಳು ಬಿಟ್ಟರು, ಕುಡಿತವೆಷ್ಟು, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೆ ಎಂಬಿಷ್ಟನ್ನು ಕೊಂಕಣಿಯಲ್ಲಾಗಲಿ, ನವಾಯತಿಯಲ್ಲಾಗಲಿ, ಹಾಲಕ್ಕಿಗಳ ಕನ್ನಡದಲ್ಲಾಗಲಿ ತಮಗೆ ಬಂದಂತೆ ಹೇಳಿ, ಹಿಂದೆ ಮಣಿಪಾಲದಲ್ಲೋ ಧಾರವಾಡದಲ್ಲೋ ಬರೆದುಕೊಟ್ಟ ಔಷಧದ ಚೀಟಿಗಳನ್ನೆಲ್ಲ ಮುಂದಿಡಬೇಕು.